ಹೆರಾಲ್ಡ್ ಚಾಸಿ ಮೇಲೆ ಕಟ್ಟಿದ ಟು-ಸೀಟರ್: 1964ರಿಂದ ಇಲ್ಲಿವರೆಗೆ ಓನರ್‌ಗಳ ಸರಪಳಿ ಜೋಡಿಸೋದು ಹೇಗೆ?

ಬೆಣ್ಣೆನಗರಿ_17
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹಳೇ ಊರಿನ ಒಂದು ಗೋಡೌನ್‌ನಲ್ಲಿರೋ ಕಾರು ಮಾರಾಟಕ್ಕೆ ಬಂದಿದೆ. ಮದ್ರಾಸಿನಲ್ಲಿ ತಯಾರಾಗ್ತಿದ್ದ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಚಾಸಿ (ಅಡಿಗಟ್ಟು), ಮೇಲೆ ಕೈಯಲ್ಲೇ ತಟ್ಟಿ ಮಾಡಿದ ಅಲ್ಯೂಮಿನಿಯಂ ಬಾಡಿ, ಟಾಪ್ ಇಲ್ಲ, ಎರಡೇ ಸೀಟು. ಬಾನೆಟ್ ಹೆರಾಲ್ಡ್ ಥರಾನೇ ಇಡಿಯಾಗಿ ಮುಂದಕ್ಕೆ ಮಗುಚುತ್ತೆ. ಬಾಡಿ ಕಟ್ಟಿದವರ ಪ್ಲೇಟ್ ಎಲ್ಲೂ ಇಲ್ಲ.

ಕಾಗದ ಅಂತ ಇರೋದು ಹಳೇ ಆರ್‌ಸಿ ಬುಕ್ಕಿನ ಎರಡು ಪುಟದ ಜೆರಾಕ್ಸ್. ನಂಬರ್ ಎಂವೈ (ಆಗಿನ ಮೈಸೂರು ರಾಜ್ಯದ ಗುರುತು) ಅಂತ ಶುರುವಾಗುತ್ತೆ, ಮೂರನೇ ಅಕ್ಷರದ ಮೇಲೆ ಸೀಲ್ ಬಿದ್ದು ಓದೋಕಾಗ್ತಿಲ್ಲ. ಮೊದಲ ನೋಂದಣಿ 1964. 1971ರಲ್ಲಿ ದಾವಣಗೆರೆ ಮಂಡಿಪೇಟೆಯ ಒಂದು ಫರ್ಮ್ ಹೆಸರಿಗೆ ಬಂದಿದೆ, ಜೊತೆಗೆ ಹೈರ್ ಪರ್ಚೇಸ್ (ಕಂತಿನ ಸಾಲ) ನಮೂದು. 1983ರಲ್ಲಿ ಹರಪನಹಳ್ಳಿಯ ಒಬ್ಬರ ಹೆಸರು. ಅವರು ತೀರಿಕೊಂಡಿದ್ದಾರೆ. ಈಗ ಮಾರ್ತಿರೋದು ಮಕ್ಕಳಲ್ಲಿ ಒಬ್ಬರು. 1964ರಿಂದ 1971ರವರೆಗೆ ಯಾರ ಹತ್ತಿರ ಇತ್ತು, ಈ ಬಾಡಿ ಯಾವಾಗ ಬಂತು, ಇವೆರಡೂ ಗೊತ್ತಿಲ್ಲ. ಮಾರೋರು ಹೇಳೋದು "ಇದು ಶೋಲಾವರಂನಲ್ಲಿ ರೇಸ್ ಓಡಿದ ಗಾಡಿ" ಅಂತ (ಮದ್ರಾಸ್ ಹತ್ತಿರದ ಹಳೇ ರೇಸ್ ಟ್ರ್ಯಾಕ್ ಅದು), ಅದಕ್ಕೇ ರೇಟೂ ಜಾಸ್ತಿ. ಎಲ್ಲಿಂದ ಶುರು ಮಾಡೋದು?

ಹಳೇ_ಪಿಬಿರೋಡ್
ಮೊದಲು ಅಡ್ವಾನ್ಸ್ ಕೊಡಬೇಡ್ರಿ. ಆಮೇಲೆ ಉಳಿದಿದ್ದು.

ದುರ್ಗದ_ಕಲ್ಲು
ಶುರು ಮಾಡಬೇಕಾದ್ದು ಬಿ ಎಕ್ಸ್‌ಟ್ರಾಕ್ಟ್‌ನಿಂದ. ಆರ್‌ಸಿ ಬುಕ್ ಓನರ್ ಕೈಲಿರೋದು, ಆರ್‌ಟಿಓ ಕೈಲಿರೋದು ಬಿ ರಿಜಿಸ್ಟರ್, ಅದರ ಪುಟದ ಪ್ರತಿಯೇ ಬಿ ಎಕ್ಸ್‌ಟ್ರಾಕ್ಟ್. ಫಾರಂ 24 ಅಂತಾರಲ್ಲ, ಅದೇ. ಒಂದು ನಂಬರಿಗೆ ಒಂದು ಪುಟ. ಮೊದಲ ಓನರ್, ವಿಳಾಸ, ಚಾಸಿ ನಂಬರ್, ಇಂಜಿನ್ ನಂಬರ್, ಬಾಡಿ ಟೈಪ್, ಸೀಟು, ತೂಕ, ಬಣ್ಣ, ಆಮೇಲಿನ ಪ್ರತಿ ವರ್ಗಾವಣೆ, ಸಾಲದ ನಮೂದು ಎಲ್ಲಾ ಅದೇ ಪುಟದಲ್ಲಿ ಇರಬೇಕು. ಬುಕ್ ಕಳೆದರೂ ಈ ಪುಟ ಸಿಕ್ಕರೆ ಮುಕ್ಕಾಲು ಕೆಲಸ ಮುಗೀತು.

ತೊಡಕಿರೋದು ಯಾವ ಆಫೀಸು ಅನ್ನೋದರಲ್ಲಿ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಮೂರೂ ಚಿತ್ರದುರ್ಗ ಜಿಲ್ಲೆ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದ್ದು. ಹರಪನಹಳ್ಳಿ ಬಳ್ಳಾರಿದು, 2018ರಲ್ಲಿ ಮತ್ತೆ ಬಳ್ಳಾರಿಗೇ ಹೋಯ್ತು, ಈಗ ವಿಜಯನಗರ ಜಿಲ್ಲೆ. ಅಂದಮೇಲೆ ಮಂಡಿಪೇಟೆ ಫರ್ಮ್ ಇದ್ದ ಕಾಲದ ನಮೂದನ್ನ ದಾವಣಗೆರೆ ಆರ್‌ಟಿಓನಲ್ಲಿ ಹುಡುಕಿದರೆ ಸಿಗೋದು ಕಷ್ಟ, ಚಿತ್ರದುರ್ಗಕ್ಕೆ ಹೋಗಬೇಕು. 1983ರದ್ದು ಬಳ್ಳಾರಿ ಕಡೆ. ಎಂವೈ ಆದಮೇಲಿನ ಮೂರನೇ ಅಕ್ಷರ ನೋಂದಣಿ ಎಲ್ಲಾಯ್ತು ಅಂತ ಹೇಳುತ್ತೆ, ಅದನ್ನ ಹೇಗಾದ್ರೂ ಓದಲೇಬೇಕು.

ತುಂಗಭದ್ರೆ
ಸೀಲ್ ಬಿದ್ದ ಅಕ್ಷರಕ್ಕೆ: ಜೆರಾಕ್ಸ್‌ನಲ್ಲಿ ಆಗಲ್ಲ. ಒರಿಜಿನಲ್ ಪುಟ ಯಾರ ಹತ್ರಾನಾದ್ರೂ ಇದ್ದರೆ ಹಿಂದಿನಿಂದ ಟಾರ್ಚ್ ಹಿಡಿದು ಫೋಟೋ ತೆಗೀರಿ. ಶಾಯಿ ಬೇರೆ, ಸೀಲಿನ ಇಂಕ್ ಬೇರೆ, ಬೆಳಕಲ್ಲಿ ಎರಡೂ ಬೇರೆ ಬೇರೆ ಕಾಣುತ್ತೆ. ಇಲ್ಲದಿದ್ರೆ ಹಳೇ ಟ್ಯಾಕ್ಸ್ ಕಾರ್ಡ್, ಇನ್ಶೂರೆನ್ಸ್ ಕವರ್ ನೋಟ್, ಮದುವೆ ಫೋಟೋ ಕೇಳ್ರಿ. ಆಗಿನ ಕಾಲಕ್ಕೆ ಇಂಥ ಗಾಡಿ ಮನೇಲಿದ್ದು ಮದುವೆ ಮೆರವಣಿಗೆಗೆ ತಂದಿಲ್ಲ ಅಂದ್ರೆ ನಂಬೋಕಾಗಲ್ಲ. ಫೋಟೋದಲ್ಲಿ ನಂಬರ್ ಪ್ಲೇಟೂ ಸಿಗುತ್ತೆ, ಬಾಡಿ ಆಗ ಹೇಗಿತ್ತು ಅನ್ನೋದೂ ಸಿಗುತ್ತೆ.

ಕೆಂಪು_ಕಾರು
ಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದರೆ ಎಲ್ಲಾ ಬರುತ್ತಲ್ವಾ, ಇಷ್ಟೆಲ್ಲಾ ಯಾಕೆ?

ದುರ್ಗದ_ಕಲ್ಲು
@ಕೆಂಪು_ಕಾರು ಬರಲ್ಲ ಅಣ್ಣಾ. ಈಗಿನ ರಾಜ್ಯ ಕೋಡ್ ಪದ್ಧತಿ ಬಂದಿದ್ದೇ 1988ರ ಮೋಟಾರು ವಾಹನ ಕಾಯಿದೆ 1989ರ ಜುಲೈ 1ಕ್ಕೆ ಜಾರಿಯಾದ ಮೇಲೆ. ಅದಕ್ಕಿಂತ ಹಿಂದಿನ ನಂಬರ್‌ಗಳಲ್ಲಿ ಎಷ್ಟೋ ಕಂಪ್ಯೂಟರಿಗೆ ಏರಿಲ್ಲ. ಆರ್‌ಟಿಓದವರು ಲೆಡ್ಜರ್ ನೋಡಿ ಬ್ಯಾಕ್‌ಲಾಗ್ ಎಂಟ್ರಿ ಮಾಡಬೇಕು. ಅದಾಗೋವರೆಗೆ ವರ್ಗಾವಣೆಗೆ ಆನ್‌ಲೈನ್ ಅರ್ಜಿ ತೆರೆಯೋದೇ ಇಲ್ಲ. "ನೋ ರೆಕಾರ್ಡ್" ಅಂತ ಬಂದ ತಕ್ಷಣ ಗಾಡಿ ಕಳ್ಳಮಾಲು ಅಂತ ಎದೆ ಒಡ್ಕೋಬೇಡಿ, ಹಾಗಂತ ಸಾಚಾ ಅಂತಲೂ ಅಲ್ಲ.

ನೋಟರಿ_ಪಕ್ಕ
ಬಿ ಎಕ್ಸ್‌ಟ್ರಾಕ್ಟ್‌ಗೆ ಅರ್ಜಿ ಯಾರು ಹಾಕೋದು ಅನ್ನೋದು ಮುಖ್ಯ. ನೀವು ಕೊಳ್ಳೋರು, ಮೂರನೇ ವ್ಯಕ್ತಿ. ವಾರಸುದಾರರ ಕೈಲೇ ಹಾಕಿಸಿ: ಮರಣ ಪ್ರಮಾಣಪತ್ರ, ವಂಶವೃಕ್ಷ, ಇರೋ ಜೆರಾಕ್ಸ್ ಲಗತ್ತಿಸಿ. ಕೌಂಟರಲ್ಲಿ "ಲೆಡ್ಜರ್ ಸಿಗ್ತಿಲ್ಲ" ಅಂದ್ರೆ ಬರೀ ಬಾಯಿಮಾತಿಗೆ ವಾಪಸ್ ಬರಬೇಡಿ, ಲಿಖಿತ ಹಿಂಬರಹ ಕೇಳಿ. ದಾಖಲೆ ಲಭ್ಯವಿಲ್ಲ ಅನ್ನೋ ಹಿಂಬರಹ ಮುಂದೆ ಕೋರ್ಟಿಗೆ ಹೋದರೂ, ಇನ್ನೊಂದು ಆರ್‌ಟಿಓಗೆ ಹೋದರೂ ಬೇಕಾಗುತ್ತೆ.

ಆರ್‌ಟಿಐ ಹಾಕೋದಾದರೆ ಕರ್ನಾಟಕದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ಹಿಂದಿನ ಎಲ್ಲಾ ಮಾಲೀಕರ ಹೆಸರು ವಿಳಾಸ ಕೊಡಿ" ಅಂತ ಬರೆದರೆ ವೈಯಕ್ತಿಕ ಮಾಹಿತಿ ಅಂತ ತಳ್ಳಿಹಾಕ್ತಾರೆ. "ಈ ನಂಬರಿನ ನೋಂದಣಿ ಪುಟ ಇರುವ ರಿಜಿಸ್ಟರ್ ಪರಿಶೀಲನೆಗೆ ಅವಕಾಶ ಕೊಡಿ, ಬಾಡಿ ಟೈಪ್ ಮತ್ತು ಬದಲಾವಣೆಯ ನಮೂದಿನ ದೃಢೀಕೃತ ಪ್ರತಿ ಕೊಡಿ" ಅಂತ ಬರೀರಿ. ದಾಖಲೆ ಪರಿಶೀಲನೆಯೂ ಆರ್‌ಟಿಐ ಹಕ್ಕಿನಲ್ಲೇ ಬರುತ್ತೆ.

ಹಳೇ_ಪಿಬಿರೋಡ್
ಏಜೆಂಟ್‌ಗೆ ಕೊಟ್ಟರೆ ಒಂದು ವಾರದಲ್ಲಿ ಆಗುತ್ತೆ ಅಂತಾರೆ.

ನೋಟರಿ_ಪಕ್ಕ
ಏಜೆಂಟ್ ತಂದುಕೊಡೋದು ಕಾಗದ. ಅದು ಲೆಡ್ಜರಿನಿಂದ ಬಂತೋ ಎಲ್ಲಿಂದ ಬಂತೋ ಅಂತ ಕೇಳೋ ಹೊತ್ತಿಗೆ ಫೋನ್ ಎತ್ತಲ್ಲ. ಇಂಥ ಅಪರೂಪದ ಗಾಡಿಗೆ ಬೇಡವೇ ಬೇಡ.

ಟ್ರನಿಯನ್
ಕಾಗದದ ಮಾತು ಆಯ್ತು, ಲೋಹದ ಮಾತಿಗೆ ಬನ್ನಿ. ಕಾರೇ ಅರ್ಧ ಇತಿಹಾಸ ಹೇಳುತ್ತೆ.

ನಮ್ಮಲ್ಲಿ ಸ್ಪೆಷಲ್ (ಬೇರೆ ಕಾರಿನ ಚಾಸಿ ಮೇಲೆ ಕೈಯಲ್ಲಿ ಕಟ್ಟಿದ ಗಾಡಿ) ಕಟ್ಟೋರು ಹೆರಾಲ್ಡ್ ಹುಡುಕ್ತಿದ್ದಿದ್ದು ಸುಮ್ಮನೆ ಅಲ್ಲ. ಅಂಬಾಸಿಡರ್, ಫಿಯೆಟ್ 1100 ಎರಡಕ್ಕೂ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೇಲಿನದು ಕತ್ತರಿಸಿದರೆ ಗಾಡಿ ಮಧ್ಯಕ್ಕೆ ಕುಸಿಯುತ್ತೆ. ಹೆರಾಲ್ಡ್‌ಗೆ ಮಾತ್ರ ಬೇರೆ ಚಾಸಿ ಫ್ರೇಮ್ ಇದೆ, ಬಾಡಿ ಬೋಲ್ಟ್ ಬಿಚ್ಚಿ ಎತ್ತಿಟ್ಟರೂ ಇಂಜಿನ್, ಗೇರ್‌ಬಾಕ್ಸ್, ಸ್ಟೇರಿಂಗ್ ಎಲ್ಲಾ ಕೂತಲ್ಲೇ ಕೂತಿರುತ್ತೆ.

ಮೊದಲ ಅಳತೆ ವೀಲ್‌ಬೇಸ್. ಹೆರಾಲ್ಡ್‌ದು 91.5 ಇಂಚು. ಮುಂದಿನ ಹಬ್ ಸೆಂಟರಿನಿಂದ ಹಿಂದಿನ ಹಬ್ ಸೆಂಟರಿಗೆ ಎಡಕ್ಕೂ ಬಲಕ್ಕೂ ಅಳೀರಿ, ಸ್ಟೇರಿಂಗ್ ನೇರ ಇರಲಿ. ಟು-ಸೀಟರ್ ಚೆಂದ ಕಾಣಲಿ ಅಂತ ಕೆಲವರು ಚಾಸಿ ಮಧ್ಯೆ ಕತ್ತರಿಸಿ ಮೋಟು ಮಾಡ್ತಿದ್ದರು. 91.5ಕ್ಕಿಂತ ಕಡಿಮೆ ಬಂದರೆ ಚಾಸಿ ಕತ್ತರಿಸಿದೆ ಅಂತಲೇ ಅರ್ಥ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಪ್ರೊಪೆಲರ್ ಶಾಫ್ಟಿನ ಮೇಲೂ ವೆಲ್ಡ್ ರಿಂಗ್ ಕಾಣಬೇಕು. ಆಮೇಲೆ ಕರ್ಣ ಅಳತೆ: ಎಡ ಮುಂದಿನಿಂದ ಬಲ ಹಿಂದಕ್ಕೆ, ಬಲ ಮುಂದಿನಿಂದ ಎಡ ಹಿಂದಕ್ಕೆ. ಎರಡರಲ್ಲಿ ವ್ಯತ್ಯಾಸ ಎದ್ದು ಕಂಡರೆ ಗಾಡಿ ಹೊಡೆಸಿಕೊಂಡಿದೆ, ಇಲ್ಲಾ ವೆಲ್ಡ್ ಮಾಡುವಾಗ ಜಿಗ್ (ಅಳತೆಗೆ ಹಿಡಿದಿಡೋ ಚೌಕಟ್ಟು) ಇರಲಿಲ್ಲ.

ಎರಡನೇದು ಇಂಜಿನ್. ನಮ್ಮ ದೇಶದ ಹೆರಾಲ್ಡ್ 948 ಸಿಸಿ, ಬೋರ್ (ಸಿಲಿಂಡರಿನ ಅಗಲ) 63 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 76. ಅದೇ ಸ್ಟ್ರೋಕಿಗೆ ಬೋರ್ 69.3 ಬಂದರೆ 1147, 73.7 ಬಂದರೆ 1296. ಅವೆರಡೂ ಹೊರಗಿಂದ ಬಂದ ಇಂಜಿನ್. ಹೆಡ್ ಬಿಚ್ಚಿದಾಗ ವರ್ನಿಯರ್ ಇಟ್ಟರೆ ಸಾಕು. 948 ಇದ್ದ ಮಾತ್ರಕ್ಕೆ ಒರಿಜಿನಲ್ ಅಂದ್ಕೋಬೇಡಿ, 1970ರ ದಶಕದ ಸ್ಟ್ಯಾಂಡರ್ಡ್ ಗೆಜೆಲ್ ಕಾರಿಂದೂ 948ನೇ, ಸಲೀಸಾಗಿ ಕೂರುತ್ತೆ. ಬ್ಲಾಕ್ ಮೇಲಿನ ನಂಬರ್ ಬಿ ಎಕ್ಸ್‌ಟ್ರಾಕ್ಟ್‌ಗೆ ತಾಳೆಯಾಗಬೇಕು, ಇಲ್ಲಾ ಇಂಜಿನ್ ಬದಲಿಸಿದ ನಮೂದು ಇರಬೇಕು.

ಹರಿಹರ_ಲೇತ್
ಟ್ರನಿಯನ್ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಂಬರ್ ಪ್ಲೇಟ್ ಅಲ್ಲ, ಫೈರ್‌ವಾಲ್ (ಇಂಜಿನ್ನಿಗೂ ಸೀಟಿನ ಕಡೆಗೂ ನಡುವಿನ ಗೋಡೆ) ಮೇಲಿನ ಚಾಸಿ ನಂಬರ್ ತಗಡು. ರಿವೆಟ್ ಹೊಡೆದಿರೋ ತಗಡನ್ನ ನಂಬಬೇಡಿ. ಹತ್ತು ನಿಮಿಷದಲ್ಲಿ ಇನ್ನೊಂದು ಗಾಡಿಯಿಂದ ಬಿಚ್ಚಿ ಇದಕ್ಕೆ ಹೊಡೀಬಹುದು. ಮೇಲಾಗಿ ಇಲ್ಲಿ ಬಾಡಿಯೇ ಬದಲಾಗಿದೆ, ಅಂದರೆ ತಗಡು ಒಂದು ಸಲವಾದ್ರೂ ಎದ್ದು ಕೂತಿದೆ. ರಿವೆಟ್ ತಲೆ ನೋಡಿ. ಮಧ್ಯದಲ್ಲಿ ತೂತಿದ್ದರೆ ಪಾಪ್ ರಿವೆಟ್. ತಗಡಿನ ತೂತು ಅಂಡಾಕಾರ ಆಗಿದ್ದರೆ, ಸುತ್ತ ಹಳೇ ರಿವೆಟ್ಟಿನ ಗುರುತು ಇದ್ದರೆ, ಫೋಟೋ ತೆಗೆದಿಟ್ಟುಕೊಳ್ಳಿ.

ಬೋಲ್ಟೂ ಕಾಲ ಹೇಳುತ್ತೆ. ಹೆರಾಲ್ಡ್‌ನವು ಯುಎನ್‌ಎಫ್, ಅಂದರೆ ಇಂಚಿನ ಅಳತೆಯ ಸಣ್ಣ ಎಳೆ. 5/16 ಬೋಲ್ಟಿಗೆ ಇಂಚಿಗೆ 24 ಎಳೆ. ಥ್ರೆಡ್ ಗೇಜ್ ಇಟ್ಟಾಗ ಬಾಡಿ ಮೌಂಟಿಂಗ್ ಪೂರ್ತಿ ಮೆಟ್ರಿಕ್ ಎಂ8, 1.25 ಪಿಚ್ ಬಂದರೆ ಬಾಡಿ ಆಮೇಲೆ ಬಂದಿರಬಹುದು, ಇಲ್ಲಾ ಮಧ್ಯೆ ಒಮ್ಮೆ ಇಳಿಸಿ ಏರಿಸಿದ್ದಾರೆ. ಒಂದೆರಡು ಬೋಲ್ಟ್ ಮೆಟ್ರಿಕ್ ಇದ್ದರೆ ಚಿಂತೆ ಇಲ್ಲ, ಕಳೆದದ್ದಕ್ಕೆ ಸಿಕ್ಕಿದ್ದು ಹಾಕಿರ್ತಾರೆ.

ಕೆಂಪು_ಕಾರು
ಹರಿಹರದವರು ಅಂದಮೇಲೆ ಕೇಳ್ತೀನಿ, ಇಂಥ ಬಾಡಿ ನಮ್ಮ ಕಡೆನೇ ಕಟ್ಟಿರೋ ಸಾಧ್ಯತೆ ಇದೆಯಾ? ಮೈಸೂರು ಕಿರ್ಲೋಸ್ಕರ್ ಇದ್ದ ಊರು ಅದು.

ಹರಿಹರ_ಲೇತ್
ಮೈಸೂರು ಕಿರ್ಲೋಸ್ಕರ್ 1941ರಿಂದ ಲೇತ್ ಮಾಡಿದ ಕಾರ್ಖಾನೆ. ಟರ್ನರ್, ಫಿಟ್ಟರ್, ಮೋಲ್ಡರ್‌ಗಳಿಗೆ ಈ ಕಡೆ ಬರ ಇರಲಿಲ್ಲ. ದಾವಣಗೆರೆ ಕಾಟನ್ ಮಿಲ್‌ಗಳ ಮೆಂಟೆನೆನ್ಸ್ ಶಾಪ್‌ಗಳಲ್ಲೂ ಒಳ್ಳೇ ಕೈಗಳಿದ್ದವು. ಆದರೆ ಅಲ್ಯೂಮಿನಿಯಂ ಶೀಟ್ ತಟ್ಟಿ ಎರಡು ದಿಕ್ಕಿಗೂ ಬಾಗಿದ ಫೆಂಡರ್ ಮಾಡೋದು ಲೇತಿನ ಕೆಲಸ ಅಲ್ಲ, ಮರಳು ಚೀಲ, ಮರದ ಕೊಡತಿ, ವೀಲಿಂಗ್ ಮಷಿನ್ನಿನ ಕೆಲಸ. ಬಸ್ ಬಾಡಿ ಕಟ್ಟೋರಿಗೆ ಬರ್ತಿತ್ತು. ಊರ ಮೇಲೆ ಹೇಳೋದಕ್ಕಿಂತ ಬೆಸುಗೆ ನೋಡಿ ಹೇಳೋದು ಒಳ್ಳೇದು. ಪ್ಯಾನೆಲ್ ಒಳಮೈ ನೋಡ್ರಿ: ಗ್ಯಾಸ್ ವೆಲ್ಡ್ ಆದರೆ ಗೆರೆ ಅಗಲ, ಎರಡೂ ಬದಿ ಸುತ್ತಿಗೆಯಿಂದ ಸಮ ಮಾಡಿದ ಗುರುತು ಇರುತ್ತೆ. ಒಂದೇ ಸಮ ಸಣ್ಣ ಉಬ್ಬುಗೆರೆ ಇದ್ದರೆ ಮಿಗ್ (ತಂತಿ ಊಡೋ ಕರೆಂಟ್ ವೆಲ್ಡ್), ಅದು ತೀರಾ ಈಚಿನದು.

ಟಿಂಕರಿಂಗ್_ಟಿಪ್ಸ್
ಬಣ್ಣದ ಪದರ ಯಾರೂ ಹೇಳಲಿಲ್ಲ, ಆರ್‌ಸಿಯಲ್ಲಿ ಬಣ್ಣದ ನಮೂದು ಇರುತ್ತಲ್ಲ, ಅದಕ್ಕೆ ತಾಳೆ ಹಾಕೋ ದಾರಿ ಇದು. ಕಣ್ಣಿಗೆ ಬೀಳದ ಜಾಗ ಆರಿಸಿ: ಡ್ಯಾಶ್‌ಬೋರ್ಡ್ ಕೆಳಗೆ, ಬಾಗಿಲ ಹಿಂಜ್ ಹಿಂದೆ, ಬೂಟ್ ಒಳಗಿನ ಅಂಚು. ಎರಡು ಇಂಚಿನ ವೃತ್ತ ಗುರುತು ಮಾಡಿ, 400ರ ವಾಟರ್ ಪೇಪರ್ ನೀರಲ್ಲಿ ನೆನೆಸಿ ನಡುವಿನಿಂದ ಉಜ್ಜಿ ಲೋಹ ಮುಟ್ಟಿ, ಆಮೇಲೆ 800, ಕೊನೆಗೆ 1200. ಇಳಿಜಾರಾಗಿ ಉಜ್ಜಬೇಕು, ಗುಂಡಿ ತೋಡಬಾರದು. ಮುಗಿಯೋ ಹೊತ್ತಿಗೆ ಒಂದರ ಸುತ್ತ ಒಂದು ಬಣ್ಣದ ಉಂಗುರಗಳು ಕಾಣ್ತವೆ. ನಡುವಿನದು ಅತಿ ಹಳೇದು, ಹೊರಗಿನದು ಈಗಿನದು. ಒರೆಸಿ, ಒದ್ದೆ ಇರುವಾಗಲೇ ಹಗಲು ಬೆಳಕಲ್ಲಿ ಫೋಟೋ ತೆಗೀರಿ.

ಈಗ ಅದೇ ಕೆಲಸ ಫೈರ್‌ವಾಲ್ ಮೇಲೆ ಮಾಡ್ರಿ. ಫೈರ್‌ವಾಲ್ ಹೆರಾಲ್ಡ್‌ದೇ ಉಕ್ಕಿನದು ಉಳಿಸಿಕೊಂಡಿದ್ದರೆ ಅಲ್ಲಿ ಅಲ್ಯೂಮಿನಿಯಂ ಪ್ಯಾನೆಲಿಗಿಂತ ಜಾಸ್ತಿ ಉಂಗುರ ಸಿಗಬೇಕು. ಉಕ್ಕಿನ ಮೇಲೆ ನಾಲ್ಕು ಬಣ್ಣ, ಅಲ್ಯೂಮಿನಿಯಂ ಮೇಲೆ ಮೂರು, ಅಂದರೆ ಮೊದಲ ಬಣ್ಣದ ಕಾಲದಲ್ಲಿ ಗಾಡಿ ಮಾಮೂಲಿ ಹೆರಾಲ್ಡ್ ಆಗಿತ್ತು, ಬಾಡಿ ಎರಡನೇ ಬಣ್ಣದ ಜೊತೆ ಬಂದಿದೆ. ಬಿ ಎಕ್ಸ್‌ಟ್ರಾಕ್ಟ್‌ನಲ್ಲಿ ಬಣ್ಣ ಬದಲಾದ ತಾರೀಖು ಇದ್ದರೆ ಬಾಡಿ ಬಂದ ವರ್ಷವೇ ಸಿಕ್ಕ ಹಾಗೆ.

ಇನ್ನೊಂದು. ಅಲ್ಯೂಮಿನಿಯಂ ಪ್ಯಾನೆಲ್ ಉಕ್ಕಿನ ಪೈಪ್ ಫ್ರೇಮಿಗೆ ನೇರ ತಾಗಿರೋ ಕಡೆ ಬಿಳಿ ಪುಡಿ ಉದುರುತ್ತಾ ನೋಡಿ. ಎರಡು ಲೋಹ, ನಡುವೆ ತೇವ, ಅಲ್ಯೂಮಿನಿಯಂ ತಿಂದುಹೋಗುತ್ತೆ. ನಮ್ಮ ಒಣಹವೆಗೆ ಕರಾವಳಿ ಗಾಡಿಗಳಷ್ಟು ಆಗಿರಲ್ಲ. ಒಳ್ಳೇ ಬಾಡಿ ಬಿಲ್ಡರ್ ನಡುವೆ ರಬ್ಬರ್ ಪಟ್ಟಿಯೋ ಫೆಲ್ಟೋ ಇಟ್ಟಿರ್ತಾನೆ. ಮ್ಯಾಗ್ನೆಟ್ ಹಿಡಿದು ಓಡಾಡಿ. ಅಲ್ಯೂಮಿನಿಯಂ ಅಂತ ಹೇಳಿದ ಕಡೆ ಅಂಟಿಕೊಂಡರೆ ಅಲ್ಲಿ ತಗಡು ಪ್ಯಾಚ್. ಪುಟ್ಟಿ ಮೆತ್ತಿದ್ದಾರಾ ಅನ್ನೋದಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ ಶಬ್ದ ಕೇಳಿ.

ಬೆಣ್ಣೆನಗರಿ_17
ಬಹಳ ಉಪಯೋಗ ಆಯ್ತು. ವೀಲ್‌ಬೇಸ್ ಎರಡೂ ಕಡೆ 91.5 ಇದೆ. ಜೆರಾಕ್ಸ್ ಮತ್ತೆ ನೋಡಿದೆ: ಬಾಡಿ ಟೈಪ್ ಕಾಲಂನಲ್ಲಿ "ಸಲೂನ್" ಅಂತ ಬರೆದು ಗೀಟು ಹೊಡೆದು ಮೇಲೆ "ಓಪನ್" ಅಂತ ಬೇರೆ ಶಾಯಿಯಲ್ಲಿ ಬರೆದಿದೆ. ಸೀಟಿಂಗ್ ಮಾತ್ರ 4 ಅಂತಲೇ ಇದೆ. ಪಕ್ಕದಲ್ಲಿ ಒಂದು ಇನಿಷಿಯಲ್ ಇದೆ, ತಾರೀಖು ಇಲ್ಲ.

ದುರ್ಗದ_ಕಲ್ಲು
ಇದೇ ನೋಡ್ರಿ ಗಂಟು. 1939ರ ಕಾಯಿದೆಯಲ್ಲೂ ವಾಹನದಲ್ಲಿ ಬದಲಾವಣೆ ಮಾಡಿದರೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕಿತ್ತು. ಬರೆಸಿದ್ದರೆ ಬಾಡಿ ಟೈಪ್, ಸೀಟು, ಅನ್‌ಲೇಡನ್ (ಖಾಲಿ ಗಾಡಿಯ) ತೂಕ ಮೂರೂ ಒಟ್ಟಿಗೇ ಬದಲಾಗಬೇಕು. ಒಂದೇ ಬದಲಾಗಿ ಎರಡು ಹಾಗೇ ಇದ್ದರೆ ಗುಮಾಸ್ತರ ಮರೆವೂ ಇರಬಹುದು, ಬುಕ್ ಮೇಲೆ ಯಾರೋ ಕೈಯಾಡಿಸಿದ್ದೂ ಇರಬಹುದು. ಲೆಡ್ಜರಿನ ಪುಟದಲ್ಲೂ ಅದೇ ತಿದ್ದುಪಡಿ ಇದ್ದರೆ ಸಾಚಾ. ಅಲ್ಲಿ ಶುದ್ಧವಾಗಿ "ಸಲೂನ್" ಇದ್ದರೆ ಬುಕ್ಕಿನ ತಿದ್ದುಪಡಿಗೆ ಬೆಲೆ ಇಲ್ಲ.

ತೂಕ ಹಾಕಿಸಿ. ಎಪಿಎಂಸಿ ಹತ್ತಿರದ ಯಾವುದೇ ವೇಬ್ರಿಡ್ಜ್ ಆದೀತು, ಪೂರ್ತಿ ಗಾಡಿ ಒಂದು ಸಲ, ಮುಂದಿನ ಚಕ್ರ ಮಾತ್ರ ಏರಿಸಿ ಒಂದು ಸಲ. ಹೆರಾಲ್ಡ್ ಸಲೂನ್ ಸುಮಾರು 800 ಕೆಜಿ. ಚೀಟಿ ಇಟ್ಟುಕೊಳ್ಳಿ, ಮುಂದೆ ಇನ್‌ಸ್ಪೆಕ್ಟರ್ ಮುಂದೆ ಬೇಕಾಗುತ್ತೆ.

ಟ್ರನಿಯನ್
ತೂಕಕ್ಕೂ ಹಿಂದಿನ ಸ್ಪ್ರಿಂಗಿಗೂ ಸಂಬಂಧ ಇದೆ. ಹೆರಾಲ್ಡ್ ಹಿಂದೆ ಅಡ್ಡ ಲೀಫ್ ಸ್ಪ್ರಿಂಗ್, ಸ್ವಿಂಗ್ ಆಕ್ಸಲ್ (ಎರಡೂ ಚಕ್ರ ಬೇರೆ ಬೇರೆಯಾಗಿ ಮೇಲೆ ಕೆಳಗೆ ತೂಗೋ ಅರ್ಧ ಆಕ್ಸಲ್). ಸಲೂನ್ ತೂಕಕ್ಕೆ ಮಾಡಿದ ಸ್ಪ್ರಿಂಗ್ ಮೇಲೆ ಹಗುರ ಬಾಡಿ ಕೂರಿಸಿದರೆ ಹಿಂಭಾಗ ಎತ್ತರಕ್ಕೆ ನಿಲ್ಲುತ್ತೆ, ಚಕ್ರಗಳ ಕೆಳಭಾಗ ಒಳಕ್ಕೆ ಬರುತ್ತೆ. ತಿರುವಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚೋ ಅಪಾಯ. ಗೊತ್ತಿದ್ದು ಕಟ್ಟಿದವನು ಲೀಫ್ ಕಡಿಮೆ ಮಾಡಿರ್ತಾನೆ, ಇಲ್ಲಾ ತಗ್ಗಿಸಿರ್ತಾನೆ. ಎಲೆ ಎಣಿಸಿ, ಚಕ್ರದ ಓರೆ ನೋಡಿ. ಹಿಂದಿನ ಚಕ್ರ ನೆಟ್ಟಗೆ ನಿಂತಿದ್ದರೆ ಈ ಗಾಡಿಯನ್ನ ತಿಳಿದವರು ಕಟ್ಟಿದ್ದಾರೆ. ಶೋಲಾವರಂ ಕಥೆಗೆ ಆಗ ಸ್ವಲ್ಪ ಜೀವ ಬರುತ್ತೆ.

ಕೆಂಪು_ಕಾರು
ಶೋಲಾವರಂದು ಸುಳ್ಳು ಅಂತೀರಾ?

ತುಂಗಭದ್ರೆ
ಸುಳ್ಳು ಅಂತ ಅಲ್ಲ, ಆಧಾರ ಬೇಕು. ಹಳೇ ಏರ್‌ಫೀಲ್ಡ್ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸ್ತಿದ್ದ ರೇಸ್ ಅದು. ದಕ್ಷಿಣದಲ್ಲಿ ಎರಡು ಸೀಟಿನ ಯಾವ ಹಳೇ ಸ್ಪೆಷಲ್ ಮಾರಾಟಕ್ಕೆ ಬಂದರೂ ಈ ಮಾತು ಜೊತೆಗೇ ಬರುತ್ತೆ. ರೇಸ್ ಓಡಿದ್ದರೆ ಪ್ರೋಗ್ರಾಂ ಪುಸ್ತಕದಲ್ಲಿ ಎಂಟ್ರಿ ಇರುತ್ತೆ: ಸ್ಪರ್ಧಿ ಹೆಸರು, ಕಾರು, ಸಿಸಿ, ರೇಸ್ ನಂಬರ್. ಆ ಸ್ಪರ್ಧಿಗೂ ಬಿ ಎಕ್ಸ್‌ಟ್ರಾಕ್ಟ್‌ನ ಓನರಿಗೂ ಕೊಂಡಿ ಸಿಗಬೇಕು. ಬಾಡಿ ಮೇಲೆ ವೃತ್ತದೊಳಗೆ ರೇಸ್ ನಂಬರ್ ಬರೆದ ಫೋಟೋ ಮಾತ್ರ ತೋರಿಸಿದರೆ ದುಡ್ಡು ಜಾಸ್ತಿ ಕೊಡೋ ಅಗತ್ಯ ಇಲ್ಲ.

ಸೆವೆನ್_ಸ್ಲಾಟ್
ಒಂದು ಮೂಲ ಪ್ರಶ್ನೆ. ಬಾಡಿ ಹೊಸದು, ಇಂಜಿನ್ ಬದಲಾಗಿರಬಹುದು, ತಗಡು ಎದ್ದು ಕೂತಿದೆ. ಹಾಗಾದರೆ ಇದು 1964ರ ಕಾರು ಅಂತ ಹೇಗೆ ಹೇಳ್ತೀರಿ?

ತುಂಗಭದ್ರೆ
ಇದಕ್ಕೆ ಇಂಗ್ಲೆಂಡಿನಲ್ಲಿ 1990ರಲ್ಲಿ ಒಂದು ದೊಡ್ಡ ಕೇಸೇ ನಡೀತು. ಬೆಂಟ್ಲಿ ಸ್ಪೀಡ್ ಸಿಕ್ಸ್, "ಓಲ್ಡ್ ನಂಬರ್ ಒನ್". 1929, 1930 ಎರಡೂ ವರ್ಷ ಫ್ರಾನ್ಸಿನ ಲ ಮಾನ್ಸ್ ರೇಸ್ ಗೆದ್ದ ಕಾರು. ಆಮೇಲೆ ರೇಸಿಗಾಗಿ ಬದಲಾಯ್ತು, 8 ಲೀಟರ್ ಇಂಜಿನ್ ಬಂತು, 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕ್‌ನಲ್ಲಿ ಅಪಘಾತ ಆಗಿ ಚಾಲಕ ಕ್ಲೈವ್ ಡನ್‌ಫೀ ಸತ್ತರು, ಕಾರನ್ನ ಮತ್ತೆ ಕೂಪೆಯಾಗಿ ಕಟ್ಟಿದರು. ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದ ಆದಮೇಲೆ ಕೊಳ್ಳೋರು "ಇದು ಆ ಕಾರೇ ಅಲ್ಲ" ಅಂತ ಹಿಂದೆ ಸರಿದರು. ಗೆದ್ದ ಕಾಲದ ಭಾಗಗಳು ಅದರಲ್ಲಿ ಉಳಿದಿರೋದು ಬಹಳ ಕಡಿಮೆ ಅಂತ ಕೋರ್ಟಿಗೂ ಗೊತ್ತಾಯ್ತು. ಆದರೂ ನ್ಯಾಯಮೂರ್ತಿ ಓಟನ್ ಮಾರೋರ ಪರ ತೀರ್ಪು ಕೊಟ್ಟರು. ಯಾಕೆ ಅಂದ್ರೆ ಕಾರು ಒಮ್ಮೆಗೇ ಮಾಯವಾಗಿ ಇನ್ನೊಂದು ಹುಟ್ಟಲಿಲ್ಲ, ಹಂತ ಹಂತವಾಗಿ ಬದಲಾಗುತ್ತಾ ಅದೇ ಕಾರಾಗಿ ಉಳೀತು, ಅದರ ಇತಿಹಾಸ ಎಲ್ಲೂ ಕಡಿದಿಲ್ಲ, ಆ ಹೆಸರನ್ನ ಹಂಚಿಕೊಳ್ಳೋ ಇನ್ನೊಂದು ಕಾರೂ ಇಲ್ಲ.

ಹಳೇ_ಪಿಬಿರೋಡ್
ಲಂಡನ್ ತೀರ್ಪು ತಗೊಂಡು ಹೋದರೆ ನಮ್ಮ ಆರ್‌ಟಿಓ ಇನ್‌ಸ್ಪೆಕ್ಟರ್ ಒಪ್ತಾರಾ?

ತುಂಗಭದ್ರೆ
ಅವರು ಒಪ್ಪಬೇಕಾಗಿಲ್ಲ. ಕೊಳ್ಳೋರಿಗೆ ಇದು ಬೇಕು. ಇತಿಹಾಸ ಕಡಿಯಬಾರದು, ಇನ್ನೊಂದು ಕಾರು ಅದೇ ಹೆಸರು ಹೇಳಬಾರದು, ಈ ಎರಡು ಮಾತು ನಮ್ಮ ಹೆರಾಲ್ಡ್‌ಗೂ ಅನ್ವಯಿಸುತ್ತೆ. ಈ ಬಾಡಿ ಬಂದಾಗ ಹಳೇ ಸಲೂನ್ ಬಾಡಿ ಎಲ್ಲಿಗೆ ಹೋಯ್ತು? ಅದನ್ನ ಇನ್ನೊಂದು ಚಾಸಿ ಮೇಲೆ ಕೂರಿಸಿ, ತಗಡೂ ಅದರ ಜೊತೆಗೇ ಹೋಗಿದ್ದರೆ, ಒಂದೇ ನಂಬರ್ ಹೇಳೋ ಎರಡು ಗಾಡಿ ಆಗ್ತವೆ.

ಹರಿಹರ_ಲೇತ್
ಸರಿಯಾದ ಮಾತು. ಗುಜರಿಗೆ ಹೋದ ಗಾಡಿಯ ಬುಕ್ ಮಾತ್ರ ಮಾರೋ ವ್ಯವಹಾರ ನಮ್ಮಲ್ಲಿ ಇದ್ದೇ ಇದೆ. ಬುಕ್ ಒಂದು ಗಾಡಿದು, ಲೋಹ ಇನ್ನೊಂದರದು. ಅದಕ್ಕೇ ಚಾಸಿ, ಇಂಜಿನ್, ಬುಕ್, ಲೆಡ್ಜರ್ ನಾಲ್ಕೂ ಒಂದೇ ಮಾತು ಹೇಳಬೇಕು ಅನ್ನೋದು.

ಸೆವೆನ್_ಸ್ಲಾಟ್
ರಾಜರ ಕಾರುಗಳಲ್ಲಿ ಬಾಡಿ, ಚಾಸಿ ಬೇರೆ ಬೇರೆ ಕಡೆಯವೇ ಆಗಿರ್ತಿದ್ದವಲ್ಲ? ಇಂದೋರಿನ ಹೋಳ್ಕರ್ ಮಹಾರಾಜರ 1935ರ ಡ್ಯೂಸನ್‌ಬರ್ಗ್: ಚಾಸಿ ಅಮೆರಿಕದ್ದು, ಬಾಡಿ ಲಂಡನ್ನಿನ ಗರ್ನಿ ನಟಿಂಗ್‌ದು. ಅದನ್ನ ಯಾರೂ ನಕಲಿ ಅನ್ನಲ್ಲ.

ದುರ್ಗದ_ಕಲ್ಲು
ಅದು ಹೊಸ ಚಾಸಿಗೇ ಮೊದಲ ಬಾಡಿ. ಇಲ್ಲಿ ಓಡಿದ ಗಾಡಿಗೆ ಎರಡನೇ ಬಾಡಿ. ವ್ಯತ್ಯಾಸ ವಿಂಟೇಜ್ ನೋಂದಣಿಯಲ್ಲಿ ಹೊಡೆಯುತ್ತೆ. 2021ರ ಜುಲೈ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಅದು ದಾಟಿದೆ. ಆದರೆ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅಂತಲೂ ಇದೆ. ಹೊಸ ನೋಂದಣಿಗೆ 20,000, ಹತ್ತು ವರ್ಷ ಆದಮೇಲೆ ಮರುನೋಂದಣಿಗೆ 5,000. ಈಗಾಗಲೇ ನೋಂದಣಿ ಇರೋ ಗಾಡಿ ಹಳೇ ನಂಬರ್ ಉಳಿಸಿಕೊಳ್ಳಬಹುದು, ಹೊಸದಾಗಿ ಮಾಡಿಸಿದರೆ ವಿಎ ಸೀರೀಸ್.

ಸೆವೆನ್_ಸ್ಲಾಟ್
ಆ ಬಾಡಿಗೂ 50 ವರ್ಷ ಆಗಿದ್ದರೆ? 1969ರಲ್ಲೋ 70ರಲ್ಲೋ ಕಟ್ಟಿ ಆರ್‌ಸಿಯಲ್ಲಿ ನಮೂದಾಗಿದ್ದರೆ ಅದೇ ಮೂಲ ರೂಪ ಅನ್ನೋದು ನನ್ನ ವಾದ. ಅರ್ಧ ಶತಮಾನದಿಂದ ಹಾಗೇ ಇದೆಯಲ್ಲ.

ದುರ್ಗದ_ಕಲ್ಲು
ವಾದ ಚೆನ್ನಾಗಿದೆ, ನಿಯಮದಲ್ಲಿ ಆ ಮಾತಿಲ್ಲ. ತೀರ್ಮಾನ ಮಾಡೋದು ರಾಜ್ಯದ ಸಮಿತಿ. ಆಗಲೂ ಬೇಕಾಗೋದು ತಾರೀಖಿರೋ ಬದಲಾವಣೆ ನಮೂದೇ. ಅದು ಸಿಗದಿದ್ದರೆ ವಿಂಟೇಜ್ ಆಸೆ ಬಿಟ್ಟು ಮಾಮೂಲಿ ನೋಂದಣಿಯನ್ನೇ ಫಾರಂ 25ರಲ್ಲಿ ನವೀಕರಿಸಿಕೊಳ್ಳೋದು ಒಳ್ಳೇದು. ವಿಂಟೇಜ್ ಆದರೆ ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿಗೆ ಬಿಟ್ಟು ದಿನನಿತ್ಯ ಓಡಿಸೋಕೂ ಬಿಡಲ್ಲ.

ಕೆಂಪು_ಕಾರು
ಅಂದ್ರೆ ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆಗೆ ಹೋಗೋಕೂ ಆಗಲ್ಲ.

ಹಳೇ_ಪಿಬಿರೋಡ್
ದೋಸೆ ಅಂಗಡಿ ಮುಂದೆ ಪಾರ್ಕಿಂಗೇ ಇಲ್ಲ ಬಿಡ್ರಿ.

ನೋಟರಿ_ಪಕ್ಕ
ಎಲ್ಲರೂ ಬಾಡಿ ಹಿಂದೆ ಬಿದ್ದಿದ್ದೀರಿ. ನನಗೆ ಕಾಣೋ ದೊಡ್ಡ ತೂತು 1971ರ ಫರ್ಮ್. ಫರ್ಮ್ ಹೆಸರಲ್ಲಿದ್ದ ಕಾರನ್ನ 1983ರಲ್ಲಿ ಯಾರು ಸಹಿ ಮಾಡಿ ಮಾರಿದ್ದು? ಒಬ್ಬ ಪಾಲುದಾರನೋ, ಎಲ್ಲರೂನೋ? ಆ ಹೊತ್ತಿಗೆ ಫರ್ಮ್ ವಿಸರ್ಜನೆ ಆಗಿತ್ತಾ? ವಿಸರ್ಜನಾ ಪತ್ರದಲ್ಲಿ ಕಾರು ಯಾರ ಪಾಲಿಗೆ ಅಂತ ಇದೆ? ಮಂಡಿಪೇಟೆಯ ವ್ಯಾಪಾರಸ್ಥರ ಮನೆಗಳಲ್ಲಿ ಹಳೇ ಲೆಕ್ಕದ ಪುಸ್ತಕ ಜೋಪಾನವಾಗಿರ್ತವೆ, ಕೇಳಿ ನೋಡಿ. ಆಸ್ತಿ ಪಟ್ಟಿಯಲ್ಲಿ ಕಾರು ಯಾವ ವರ್ಷ ಬಂತು, ಯಾವ ವರ್ಷ ಹೋಯ್ತು, ಸವಕಳಿ ಎಷ್ಟು ಬರೆದರು ಅಂತ ಇರುತ್ತೆ. "ಬಾಡಿ ಕೆಲಸಕ್ಕೆ" ಅಂತ ಒಂದು ಖರ್ಚಿನ ಸಾಲು ಸಿಕ್ಕರೆ ಕಟ್ಟಿದವರ ಹೆಸರೂ ಸಿಗಬಹುದು.

ಎರಡನೇದು ಹೈರ್ ಪರ್ಚೇಸ್. ಸಾಲ ಯಾವಾಗಲೋ ತೀರಿರುತ್ತೆ, ನಮೂದು ತೆಗೆಸಿರಲ್ಲ. ತೆಗೆಸೋಕೆ ಫಾರಂ 35ಕ್ಕೆ ಫೈನಾನ್ಸ್‌ನವರ ಸಹಿ ಬೇಕು. ಆ ಸಂಸ್ಥೆ ಈಗ ಇಲ್ಲದಿದ್ದರೆ: ಕಂಪನಿ ಆಗಿದ್ದು ಮುಚ್ಚಿದ್ದರೆ ಅಫಿಶಿಯಲ್ ಲಿಕ್ವಿಡೇಟರ್ ಕಡೆ ಹೋಗಬೇಕು, ಪಾಲುದಾರಿಕೆ ಆಗಿದ್ದರೆ ಉಳಿದ ಪಾಲುದಾರರು. ಇದು ಇತ್ಯರ್ಥ ಆಗದೆ ವರ್ಗಾವಣೆ ಮುಂದಕ್ಕೆ ಹೋಗಲ್ಲ.

ಮೂರನೇದು, ಈಗ ಮಾರ್ತಿರೋರು "ಮಕ್ಕಳಲ್ಲಿ ಒಬ್ಬರು". ಹಿಂದೂ ಉತ್ತರಾಧಿಕಾರದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿಕೊಂಡವರ ತಾಯಿ ಇದ್ದರೆ ಅವರೂ, ಎಲ್ಲರಿಗೂ ಸಮಪಾಲು. ಮದುವೆಯಾಗಿ ಬೇರೆ ಊರಲ್ಲಿರೋ ಹೆಣ್ಣುಮಕ್ಕಳ ಸಹಿ ಬಿಟ್ಟುಬಿಡೋದು ನಮ್ಮ ಕಡೆ ಜಾಸ್ತಿ, ತಕರಾರು ಬರೋದೂ ಅಲ್ಲಿಂದಲೇ. ನಾಡಕಚೇರಿಯಿಂದ ವಂಶವೃಕ್ಷ, ಉಳಿದವರಿಂದ ನೋಟರಿ ಮಾಡಿಸಿದ ಒಪ್ಪಿಗೆ ಅಫಿಡವಿಟ್, ಆಮೇಲೆ ಫಾರಂ 31ರಲ್ಲಿ ಮೊದಲು ಒಬ್ಬ ವಾರಸುದಾರರ ಹೆಸರಿಗೆ ಬರಬೇಕು. ಅದಾದಮೇಲಷ್ಟೇ ಫಾರಂ 29, 30ರಲ್ಲಿ ನಿಮ್ಮ ಹೆಸರಿಗೆ. ತೀರಿಕೊಂಡವರ ಹೆಸರಿನಿಂದ ನೇರ ನಿಮ್ಮ ಹೆಸರಿಗೆ ಮಾಡಿಸ್ತೀನಿ ಅನ್ನೋರು ಸಹಿ ಹಾಕೋದು ಯಾರದ್ದು ಅಂತ ಯೋಚನೆ ಮಾಡಿ.

ಎಕ್ಸ್‌ಕೆ_ಅಭಿಮಾನಿ
ಜಾಗ್ವಾರ್, ಎಂಜಿಗೆಲ್ಲಾ ಕಂಪನಿಯಿಂದಲೇ ಹೆರಿಟೇಜ್ ಸರ್ಟಿಫಿಕೇಟ್ ತರಿಸಬಹುದಲ್ಲ, ಹೆರಾಲ್ಡಿಗೂ ತರಿಸಿ.

ತುಂಗಭದ್ರೆ
ಎಂಜಿ, ಟ್ರಯಂಫ್‌ಗೆ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕೊಡುತ್ತೆ, ಜಾಗ್ವಾರಿಗೆ ಅವರದೇ ಹೆರಿಟೇಜ್ ಟ್ರಸ್ಟ್. ಆದರೆ ಅದರಲ್ಲಿ ಇರೋದು ತಯಾರಾದ ದಿನ, ಮೂಲ ಬಣ್ಣ, ಇಂಜಿನ್ ನಂಬರ್, ಯಾವ ಡೀಲರಿಗೆ ಕಳಿಸಿದರು ಅನ್ನೋದು. ಗೇಟ್ ದಾಟಿದ ಮೇಲೆ ಯಾರ್ಯಾರ ಕೈಗೆ ಹೋಯ್ತು ಅನ್ನೋದು ಇರಲ್ಲ. ನಮ್ಮ ಹೆರಾಲ್ಡ್ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ದು, ಈ ಪ್ರಶ್ನೆಗೆ ಉತ್ತರ ಇರೋದು ಆರ್‌ಟಿಓ ಲೆಡ್ಜರಲ್ಲೇ.

ಬೆಣ್ಣೆನಗರಿ_17
ಎಲ್ಲರಿಗೂ ಧನ್ಯವಾದ. ವಾರಸುದಾರರು ಚಿತ್ರದುರ್ಗಕ್ಕೆ ಅರ್ಜಿ ಹಾಕೋಕೆ ಒಪ್ಪಿದ್ದಾರೆ. ಅಷ್ಟರಲ್ಲಿ ಗಾಡಿಯನ್ನ ಗೋಡೌನಿಂದ ವೇಬ್ರಿಡ್ಜ್‌ಗೆ ತಳ್ಳಿಕೊಂಡು ಹೋಗಬಹುದಾ? ಟೈರ್ ಗಾಳಿ ಹಿಡೀತಿದೆ.

ಟ್ರನಿಯನ್
ತಳ್ಳಬೇಡಿ, ಟೋ ಮಾಡಲೂಬೇಡಿ. ಮುಂದಿನ ಚಕ್ರದ ಕೆಳಗಿನ ಟ್ರನಿಯನ್‌ಗೆ (ಚಕ್ರ ತಿರುಗೋಕೆ ಇರೋ ಥ್ರೆಡ್ ಕೀಲು) ಹಾಕಬೇಕಾದ್ದು ಇಪಿ 90 ಗೇರ್ ಆಯಿಲ್, ಸುಮಾರು 10,000 ಕಿ.ಮೀ.ಗೊಮ್ಮೆ. ನಿಪ್ಪಲ್ ಕಂಡ ತಕ್ಷಣ ಗ್ರೀಸ್ ಗನ್ ಹಿಡಿದವರೇ ಎಲ್ಲರೂ. ಗ್ರೀಸ್ ಥ್ರೆಡ್ ಕೊನೆಗೆ ತಲುಪಲ್ಲ, ಗಟ್ಟಿಯಾಗುತ್ತೆ, ಒಳಗೆ ನೀರು ನಿಂತು ಚಕ್ರ ಹಿಡಿದಿರೋ ವರ್ಟಿಕಲ್ ಲಿಂಕ್ ತುಕ್ಕು ಹಿಡಿದು ಥ್ರೆಡ್ ಹತ್ತಿರ ಮುರಿಯುತ್ತೆ. ಮುರಿಯೋದು ಸ್ಪೀಡಲ್ಲೇ ಅಂತೇನಿಲ್ಲ, ನಿಧಾನಕ್ಕೆ ಸ್ಟೇರಿಂಗ್ ಪೂರ್ತಿ ತಿರುಗಿಸುವಾಗಲೂ ಚಕ್ರ ಒಳಕ್ಕೆ ಮಡಚಿ ಫೆಂಡರ್ ಹರಿಯುತ್ತೆ. ಕೈಯಲ್ಲಿ ತಟ್ಟಿದ ಅಲ್ಯೂಮಿನಿಯಂ ಫೆಂಡರ್ ಅದು, ಮತ್ತೆ ಸಿಗಲ್ಲ.

ಫ್ಲಾಟ್‌ಬೆಡ್ ತರಿಸಿ, ವಿಂಚ್‌ನಲ್ಲಿ ನೇರಕ್ಕೆ ಎಳೆದು ಏರಿಸಿ. ಹುಕ್ ಹಾಕೋದು ಚಾಸಿ ರೈಲಿಗೆ, ಸಸ್ಪೆನ್ಷನ್ ಆರ್ಮಿಗಲ್ಲ. ಪೂರ್ತಿ ತೂಕಕ್ಕೆ ಗಾಡಿ ಇಳಿಸೋದೇ ಬೇಡ: ಫ್ಲಾಟ್‌ಬೆಡ್ ಖಾಲಿ ಒಮ್ಮೆ, ಗಾಡಿ ಸಮೇತ ಒಮ್ಮೆ ತೂಗಿ ಕಳೆದರೆ ಆಯ್ತು. ಎರಡೂ ಸಲ ಡ್ರೈವರ್ ಕೆಳಗಿಳೀಲಿ. ಮುಂದು ಹಿಂದಿನ ಲೆಕ್ಕ ಟ್ರನಿಯನ್ ಬಿಚ್ಚಿ ನೋಡಿದ ಮೇಲೆ ಹಾಕಿಸಿ.

ಹರಿಹರ_ಲೇತ್
ಏರಿಸೋ ಮುಂಚೆ ಚಾಸಿಯ ಔಟ್‌ರಿಗ್ಗರ್ (ಪಕ್ಕಕ್ಕೆ ಚಾಚಿ ಬಾಡಿ ಹೊರೋ ತೋಳು) ಮತ್ತು ಡಿಫರೆನ್ಷಿಯಲ್ ಪಕ್ಕದ ರೈಲು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡ್ರಿ, ಹೆರಾಲ್ಡ್ ಕೊಳೆಯೋದು ಅಲ್ಲೇ. ಮೆತ್ತಗಿದ್ದ ಕಡೆ ಚೈನ್ ಹಾಕಿಸಬೇಡಿ. ಮತ್ತೆ ಚಾಸಿ ನಂಬರಿನ ಪೆನ್ಸಿಲ್ ಇಂಪ್ರೆಷನ್ ಗೋಡೌನಲ್ಲೇ ತೆಗೆದು, ವಾರಸುದಾರರ ಸಹಿ, ತಾರೀಖು ಹಾಕಿಸಿಕೊಂಡು, ಆ ಅರ್ಜಿ ಜೊತೆಗೇ ಕಳಿಸಿ.